ಮಾರ್ಬುರ್ಗಿಗೆ ಒಂದು ಮಡಿಲಕ್ಕಿ

ಬೇಲೂರು

ನಮ್ಮ ಮನೆಯಲ್ಲಿ ಈ ಕಥೆ ಹೇಳುವುದು ಹೀಗೆ: ಹೋದ ಮಾರ್ಚಿನಲ್ಲಿ ಬೇಲೂರು ದೇವಸ್ಥಾನದ ಅಂಗಳದಲ್ಲಿ ನನ್ನ ದೊಡ್ಡಪ್ಪ ರುದ್ರಪ್ಪನವರು ಎದೆ ಹಿಡಿದುಕೊಂಡು ಬಿದ್ದರು, ಉಸಿರು ನಿಂತಿತು. ಆಗ ಸಾಕ್ಷಾತ್ ಶಿವನೇ ಬಿಳಿ ಹೆಂಗಸಿನ ರೂಪದಲ್ಲಿ ಬಂದು, ಎದೆ ಮುಟ್ಟಿ, ಜೀವ ಕೊಟ್ಟು ಮಾಯವಾದ.

ಇಷ್ಟು ಚಿಕ್ಕ ಕಥೆಯಲ್ಲಿ ಇಷ್ಟೊಂದು ತಪ್ಪುಗಳನ್ನು ತುಂಬಲು ನಮ್ಮ ದೊಡ್ಡಮ್ಮನಿಗೇ ಸಾಧ್ಯ. ಬೇಲೂರು ಕೇಶವನ ಸ್ಥಳ. ಕೇಶವನ ಅಂಗಳದಲ್ಲಿ ಶಿವ ಬಂದು ಡ್ಯೂಟಿ ಮಾಡಿದ ಎಂದರೆ ಮನೆ ಯಜಮಾನ ಏನು ಮಾಡುತ್ತಿದ್ದ? ಇದಕ್ಕೆ ದೊಡ್ಡಮ್ಮನ ಉತ್ತರ ಸಿದ್ಧವಿದೆ: "ಬೆಳಗ್ಗೆ ಹಳೇಬೀಡಲ್ಲಿ ಈಶ್ವರನಿಗೆ ಕಾಯಿ ಒಡೆಸಿದ್ವಲ್ಲ ಕಣೇ, ಅದು ಮಧ್ಯಾಹ್ನ ಬೇಲೂರಲ್ಲಿ ಕೆಲಸ ಮಾಡ್ತು." ಇನ್ನು ಆ ಹೆಂಗಸು ಎದೆ "ಮುಟ್ಟಿದ್ದು" ಸುಳ್ಳು. ಅವಳು ಮಂಡಿಯೂರಿ, ಎರಡೂ ಅಂಗೈ ಜೋಡಿಸಿ, ರಾಗಿಮುದ್ದೆ ನಾದುವವರಿಗಿಂತ ಜೋರಾಗಿ ಒತ್ತಿದಳು. ಎರಡು ಪಕ್ಕೆಲುಬು ಮುರಿದವು, ಎಕ್ಸ್‌ರೇ ಬೇಕಾದರೆ ಬೀರುವಿನಲ್ಲಿದೆ. ಮಾಯವೂ ಆಗಲಿಲ್ಲ. ಆಂಬುಲೆನ್ಸ್ ಹೊರಡುವಾಗ ಕೆಂಪಗೆ ಬೆವೆತು ಗೋಡೆಗೊರಗಿ ಕೂತಿದ್ದಳು. ಮಾಯವಾದದ್ದು ನಾವು. ಅವಳಿಗೆ ಒಂದು ಮಾತೂ ಹೇಳದೆ ಗಾಡಿ ಹತ್ತಿದೆವು.

ಆದರೆ ಈ ಕಥೆಯ ಅತಿ ದೊಡ್ಡ ತಪ್ಪು ಅದರಲ್ಲಿ ಇಲ್ಲದ ಒಂದು ಮಾತು. ಅವಳು ಒತ್ತಲು ಶುರುಮಾಡಿ, ಏನೋ ಲಟಕ್ಕೆಂದಾಗ, ಅವಳ ತೋಳು ಹಿಡಿದು ಎಳೆದವಳು ನಾನು. "ನೀವು ಡಾಕ್ಟರಾ? ಡಾಕ್ಟರಾ ನೀವು?" ಎಂದು ಇಂಗ್ಲಿಷಿನಲ್ಲಿ ಮೂರು ಸಲ ಕೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದೇ ಅದು: ಯಾರೇ ಏನೇ ಹೇಳಲಿ, ಮೊದಲು ಆಧಾರ ಕೇಳು. ದೊಡ್ಡಪ್ಪನ ತುಟಿ ನೀಲಿಯಾಗುತ್ತಿತ್ತು, ನಾನು ಆಧಾರ ಕೇಳುತ್ತಿದ್ದೆ. ಕೊನೆಗೆ ಅವಳು "ಹೌದು, ಡಾಕ್ಟರ್" ಎಂದಳು. ಬಿಟ್ಟೆ. ಅರ್ಧ ನಿಮಿಷ ಹೋಗಿರಬಹುದು, ಹೆಚ್ಚೂ ಇರಬಹುದು.

ದೊಡ್ಡಪ್ಪ ಉಳಿದರು. ಆದರೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಬಾಯಿಗೆ ಬಾಯಿ ಕೊಟ್ಟು ಯಾರಿಗೂ ಸೋಲದಿದ್ದ ಮನುಷ್ಯನಿಗೆ ಈಗ ಪದಗಳು ತಪ್ಪಿ ಹೋಗುತ್ತವೆ. ಚಮಚ ಕೇಳಲು ಹೋಗಿ ಬಾಗಿಲು ಅನ್ನುತ್ತಾರೆ. ನನ್ನನ್ನು ಚಿಕ್ಕಂದಿನಿಂದ "ವಕೀಲ್ರೇ" ಎಂದು ಕರೆಯುತ್ತಿದ್ದವರು ಈಗ ನನ್ನ ಮುಖ ನೋಡಿ, ಬಾಯಿ ತೆರೆದು, ಹುಡುಕಿ, "ಏ... ಇವಳೇ" ಅನ್ನುತ್ತಾರೆ. ಆ ಅರ್ಧ ನಿಮಿಷವೇ ಇದಕ್ಕೆ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಹಾಸನದ ಡಾಕ್ಟರನ್ನು ಕೇಳುವ ಧೈರ್ಯವೂ ಆಗಲಿಲ್ಲ. ಪ್ರವಾಸ ಕಥನದಲ್ಲಿ ಇದೆಲ್ಲ ಯಾಕೆ ಎಂದರೆ, ಪ್ರವಾಸ ಹೊರಟದ್ದೇ ಇದರಿಂದ.

ಅರಸೀಕೆರೆ

ಆ ಹೆಂಗಸಿನ ಹೆಸರು ಮಾರ್ಗಿಟ್ ಎಂದು ಬೇಲೂರಿನ ಒಬ್ಬ ಗೈಡ್ ಹುಡುಕಿಕೊಟ್ಟ. ಊರು ಜರ್ಮನಿಯ ಮಾರ್ಬುರ್ಗ್. ನಾನು ಒಂದು ಒಳ್ಳೆಯ ಮೇಲ್ ಬರೆಯೋಣ ಎಂದೆ. ದೊಡ್ಡಮ್ಮ ನನ್ನನ್ನು ಎಂಜಲು ಕೈ ತೊಳೆಯದೆ ದೇವರ ಮನೆಗೆ ನುಗ್ಗಿದವಳಂತೆ ನೋಡಿದರು.

"ಕಾಗದದಲ್ಲಿ ಮಡಿಲು ತುಂಬಕ್ಕಾಯ್ತದೇನೇ?"

ಮಡಿಲಕ್ಕಿ ಎಂದರೆ ಮನೆ ಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕಿ ಕಳಿಸುವುದು. ಬಿಳಿ ಹೆಂಗಸು ಈ ಮನೆ ಮಗಳು ಹೇಗಾದಳು ಎಂದು ವಾದಿಸಿದೆ. "ನನ್ನ ತಾಳಿ ಉಳಿಸಿದೋಳಿಗೆ ನಾನೇ ತವರು," ಅಂದರು. ಮೊದಲು ಶಿವ ಅಂದಿರಿ, ಈಗ ಮಗಳು ಅನ್ನುತ್ತೀರಿ, ಎರಡರಲ್ಲಿ ಒಂದು ನಿಲುವು ತಗೊಳ್ಳಿ ಎಂದೆ. "ಎರಡೂನೂವೆ. ನಿಂಗೇನು ಕಷ್ಟ?" ಇಂಥ ಎದುರಾಳಿಯನ್ನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ವೀಸಾ ಅರ್ಜಿಯಲ್ಲಿ ಭೇಟಿಯ ಉದ್ದೇಶಕ್ಕೆ ವ್ಯಾಪಾರ, ಓದು, ಪ್ರವಾಸ, ನೆಂಟರ ಭೇಟಿ ಎಂದೆಲ್ಲ ಚೌಕಗಳಿದ್ದವು. ಉಪಕಾರ ಸ್ಮರಣೆಗೆ ಚೌಕವಿರಲಿಲ್ಲ. ಪ್ರವಾಸಕ್ಕೆ ಗುರುತು ಹಾಕಿದೆ. ಕೌಂಟರಿನಲ್ಲಿದ್ದ ಹುಡುಗಿ ಕನ್ನಡದಲ್ಲೇ "ಯಾಕಮ್ಮ ಹೋಗ್ತಿರೋದು?" ಎಂದು ಕೇಳಿದಾಗ ದೊಡ್ಡಮ್ಮ, "ನಮ್ಮೆಜಮಾನರ ಎದೆ ಒತ್ತಿದೋಳ್ನ ನೋಡ್ಕೊಂಡ್ ಬರಕ್ಕೆ" ಅಂದುಬಿಟ್ಟರು. ಮುಂದಿನ ಹತ್ತು ನಿಮಿಷ ನಾನು ಆ ವಾಕ್ಯವನ್ನು ರಿಪೇರಿ ಮಾಡಿದೆ.

ಹೊರಡುವ ದಿನ ದೊಡ್ಡಪ್ಪ ಪಕ್ಕದ ಗಂಡಸಿ ಊರಿನ ನಮ್ಮ ತೋಟದ ಎರಡು ಸುಲಿದ ಕಾಯಿ ತಂದು, ಕಿವಿಯ ಹತ್ತಿರ ಅಲ್ಲಾಡಿಸಿ ನೀರು ನೋಡಿ, ನನ್ನ ಕೈಲಿಟ್ಟರು. ಏನೋ ಹೇಳಬೇಕೆಂದಿದ್ದರು. ಬಾಯಿ ತೆರೆದರು, ಪದ ಬರಲಿಲ್ಲ. ಕಾಯಿ ಮೇಲೆ ತಟ್ಟಿದರು.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ಸ್ಕ್ಯಾನಿನಲ್ಲಿ ಹೋಗುತ್ತಲೇ ಇಬ್ಬರು ಅಧಿಕಾರಿಗಳು ಬಂದರು. ಎಕ್ಸ್‌ರೇಯಲ್ಲಿ ಎರಡು ಗುಂಡು ಕಂಡರೆ ಯಾರಾದರೂ ಬಂದಾರು. ತೆಗೆಸಿದರು. ಒಬ್ಬ ಪಟ್ಟಿ ನೋಡಿದ. ನಾನು ಮನಸ್ಸಿನಲ್ಲೇ ಕಾಯಿಗಳಿಗೆ ವಿದಾಯ ಹೇಳಿದ್ದೆ. ಆದರೆ ಅವನು, "ತೆಂಗಿನಕಾಯಿ ಹೋಗಬಹುದು" ಎಂದು ವಾಪಸ್ ಕೊಟ್ಟ. ಪ್ರಮಾಣಪತ್ರವಿಲ್ಲದೆ ಇಡೀ ಯುರೋಪಿಗೆ ಬಿಡುವ ಹಣ್ಣುಗಳು ಬಾಳೆ, ಅನಾನಸ್, ತೆಂಗಿನಕಾಯಿ ಹೀಗೆ ನಾಲ್ಕಾರು ಮಾತ್ರವಂತೆ. ದೊಡ್ಡಮ್ಮ ನನ್ನತ್ತ ತಿರುಗಿದ ನೋಟದಲ್ಲಿ ಗೆದ್ದ ಪಕ್ಷದ ಮೆರವಣಿಗೆಯೇ ಇತ್ತು. "ನೋಡ್ದಾ? ಈಶ್ವರ."

"ಈಶ್ವರ ಅಲ್ಲ ದೊಡ್ಡಮ್ಮ, ಪಟ್ಟಿ."

"ಪಟ್ಟೀಲಿ ಬರೆಸಿದ್ಯಾರು?"

ಹಾಗಾದರೆ ಮರುಕ್ಷಣ ವೀಳ್ಯದೆಲೆ ಕಟ್ಟು ಕಸದಬುಟ್ಟಿಗೆ ಹೋದದ್ದು ಯಾರು ಬರೆಸಿ? ದೊಡ್ಡಮ್ಮ ಮಾತು ತಿರುಗಿಸಿದರು. ಎಲೆ ಯಾಕಂತೆ ಎಂದು ಕೇಳಿದರು. ಹುಳ ಇರಬಹುದಂತೆ ಎಂದೆ. "ನಮ್ಮೆಲೇಲಿ ಹುಳನಾ? ಅರಸೀಕೆರೆಗೆ ಬರಕ್ಕೇಳು, ಬಳ್ಳಿ ತೋರುಸ್ತೀನಿ," ಎಂದು ಗುಡುಗಿದರು. ಗುಡುಗಿದ ಮೇಲೆ, ಹೋಗುವಾಗ, ಅದೇ ಅಧಿಕಾರಿಗೆ ಕೈ ಮುಗಿದರು. ಕಾಯಿ ಬಿಟ್ಟನಲ್ಲ, ಅದಕ್ಕೆ. ಅವನು ಪಾಪ ಎರಡು ಹೆಜ್ಜೆ ಹಿಂದೆ ಸರಿದ.

ಮಾರ್ಬುರ್ಗ್, ಶನಿವಾರ

ಗುಡ್ಡದ ಮೇಲೆ ಊರು, ಊರಿನ ಮೇಲೆ ಕೋಟೆ, ಕೆಳಗೆ ನಮ್ಮ ಬೇಲೂರಿನ ಯಗಚಿಯಷ್ಟೇ ಅಗಲದ ಒಂದು ನದಿ. ಹಳೆ ಊರಿಗೆ ಹತ್ತಲು ಲಿಫ್ಟ್ ಇದೆ, ಬಸ್ ಸ್ಟ್ಯಾಂಡಿಗೆ ಹೋಗುವಂತೆ ಜನ ಅದರಲ್ಲಿ ಹೋಗುತ್ತಾರೆ. ಅಕ್ಟೋಬರಿನ ಚಳಿ, ಜಿನುಗು ಮಳೆ.

ಈ ಊರಿನವರ ಡಾಂಕೆ ನನ್ನ ತಲೆ ತಿಂದಿತು. ಡಾಂಕೆ ಎಂದರೆ ಥ್ಯಾಂಕ್ಸ್. ಬೇಕರಿಯಲ್ಲಿ ಒಂದು ಬನ್ನಿಗೆ ಐದು ಡಾಂಕೆ: ಕೇಳಿದ್ದಕ್ಕೆ, ಕೊಟ್ಟಿದ್ದಕ್ಕೆ, ಚೀಲ ಬೇಡವೆಂದಿದ್ದಕ್ಕೆ, ಚಿಲ್ಲರೆಗೆ, ಬಾಗಿಲು ಹಿಡಿದಿದ್ದಕ್ಕೆ. ಇಷ್ಟಾಗಿ ಅವರ ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ. ಡಾಂಕೆ ಇಲ್ಲಿ ಸೈಕಲ್ ಬೆಲ್ಲಿನ ಹಾಗೆ, ದಾರಿ ಸಲೀಸಾಗಲು ಹೊಡೆಯುವುದು. ಅರಸೀಕೆರೆಯಲ್ಲಿ ಕಂಡಕ್ಟರಿಗೆ ಥ್ಯಾಂಕ್ಸ್ ಹೇಳಿ ನೋಡಿ, ಎಲ್ಲೋ ತಪ್ಪು ಟಿಕೆಟ್ ಕೊಟ್ಟೆನೇನೋ ಎಂದು ಅವನು ಗಾಬರಿಯಾಗುತ್ತಾನೆ. ಧನ್ಯವಾದ ನಮ್ಮಲ್ಲಿ ಮೈಕಿನ ಮುಂದೆ ಮಾತ್ರ ಹುಟ್ಟುವ ಪದ. ಕಾಲೇಜಿನಲ್ಲಿ ನಾನು ಬೇಕಾದಷ್ಟು ವಂದನಾರ್ಪಣೆ ಮಾಡಿದ್ದೇನೆ, ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಅದು ಶುರುವಾಗುತ್ತಲೇ ಸಭಿಕರು ಚಪ್ಪಲಿ ಹುಡುಕಲು ಏಳುತ್ತಿದ್ದರು.

ಚಪ್ಪಲಿ ಎಂದಾಗ ನೆನಪಾಯಿತು. ದೊಡ್ಡಮ್ಮ ಹಳೆಯ ಇಗರ್ಜಿಯೊಂದನ್ನು ನೋಡಿ, ದೇವಸ್ಥಾನ ದೇವಸ್ಥಾನವೇ ಎಂದು ಹೊಸ ಬೂಟನ್ನು ಬಾಗಿಲಲ್ಲೇ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿದರು. ಯಾರಿಗೆ ಎಂದು ಕೇಳಿದೆ. "ಇಲ್ಲಿ ಯಾರವ್ರೆ ಅವ್ರಿಗೆ." ಹೊರಗೆ ಬಂದರೆ ಬೂಟು ಇಲ್ಲ. ಅರ್ಧ ಗಂಟೆ ಹುಡುಕಿದೆ, ಇಡೀ ಜರ್ಮನಿಯನ್ನು ಬೈದೆ. ಕೊನೆಗೆ ನೋಡಿದರೆ ಅವು ಪಕ್ಕದ ಗೋಡೆಯ ಮೇಲೆ, ಎದೆಯೆತ್ತರದಲ್ಲಿ, ಮಳೆ ಬೀಳದ ಕಡೆ ಜೋಡಿಯಾಗಿ ಕೂತಿದ್ದವು. ಬಿದ್ದ ವಸ್ತು ಕಂಡರೆ ಎತ್ತಿ ಕಾಣುವಂತೆ ಇಟ್ಟು ಹೋಗುವುದು ಇಲ್ಲಿನ ಅಭ್ಯಾಸವಂತೆ. ದೊಡ್ಡಮ್ಮ ಸುತ್ತ ನೋಡಿದರು, ಕೃತಜ್ಞತೆ ಸ್ವೀಕರಿಸಲು ಒಬ್ಬನೂ ಇರಲಿಲ್ಲ. ಕೊನೆಗೆ ಗೋಡೆಗೇ ಕೈ ಮುಗಿದರು. ದಾರಿಹೋಕರೆಲ್ಲ ನಿಂತು ನೋಡುತ್ತಿದ್ದಾರೆ, ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದೇನೆ.

ಭಾನುವಾರ

ನಾನು ಮೇಲ್ ಮಾಡಿ ಕೇಳಿದಾಗ ಮಾರ್ಗಿಟ್ ಮೂರು ಗಂಟೆಗೆ ಬನ್ನಿ ಎಂದಿದ್ದರು. ನಾವು ಎರಡೂ ನಲವತ್ತಕ್ಕೆ ಬಾಗಿಲಲ್ಲಿದ್ದೆವು. ಇಲ್ಲಿ ಬೇಗ ಬರುವುದೂ ತಪ್ಪೇ ಎಂದು ಓದಿದ್ದೆ, ಬೆಲ್ ಒತ್ತಲು ಬಿಡಲಿಲ್ಲ. ಮಡಿಲಕ್ಕಿ ಗಂಟು ಹಿಡಿದು ಇಪ್ಪತ್ತು ನಿಮಿಷ ಮಳೆಯಲ್ಲಿ ನಿಂತೆವು. "ನೆಂಟ್ರು ಬೇಗ ಬಂದ್ರೆ ಬೈಯೋ ಊರು. ಇದೆಂಥಾ ಊರೇ?" ಎಂದು ದೊಡ್ಡಮ್ಮ ಇಪ್ಪತ್ತು ನಿಮಿಷವೂ ಕೇಳಿದರು.

ಸರಿಯಾಗಿ ಮೂರಕ್ಕೆ ಬಾಗಿಲು ತೆರೆಯಿತು. ಬೇಲೂರಿನಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು, ಅರವತ್ತರ ಹತ್ತಿರ, ಒಲೆ ಮುಂದಿನಿಂದ ಎದ್ದು ಬಂದ ಕೆಂಪು ಕೈಗಳು, ಸೊಂಟಕ್ಕೆ ಅಡುಗೆಯ ಏಪ್ರನ್. ನನ್ನನ್ನು ನೋಡಿದರು. ಗುರುತು ಸಿಕ್ಕಿತೆಂದು ಗೊತ್ತಾಯಿತು.

ನಾನು ತಡೆಯುವುದರೊಳಗೆ ದೊಡ್ಡಮ್ಮ ಕಾಯಿ ತೆಗೆದು, ಮಾರ್ಗಿಟ್‌ಗೆ ನಿವಾಳಿಸಿ, ಹೊಸ್ತಿಲ ಮುಂದಿನ ಕಲ್ಲಿಗೆ ಅಪ್ಪಳಿಸಿದರು. ಆ ನಿಶ್ಶಬ್ದ ಬೀದಿಯಲ್ಲಿ ಅದು ಗುಂಡು ಹಾರಿಸಿದ ಹಾಗೆ ಕೇಳಿತು. ಮೇಲಿನ ಮಹಡಿಯಿಂದ ಒಬ್ಬ ಮುದುಕ ದಡದಡ ಇಳಿದು ಬಂದು, ಇವತ್ತು ಭಾನುವಾರ, ಭಾನುವಾರ ಸದ್ದು ಮಾಡುವಂತಿಲ್ಲ ಎಂದು, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ, ಮಾರ್ಗಿಟ್‌ಗೆ ಪಾಠ ಹೇಳಿದ. "ಏನಂತೆ?" ಎಂದರು ದೊಡ್ಡಮ್ಮ. ಹೇಳಿದೆ. "ಹಂಗಾರೆ ಸೋಮವಾರ ಇನ್ನೊಂದು ಒಡೀತೀನಿ," ಎಂದು ಅವನ ಕೈಗೆ ಅರ್ಧ ಹೋಳು ಇಟ್ಟರು. ಅವನು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ ಡಾಂಕೆ ಎಂದ, ಅಭ್ಯಾಸಬಲ.

ಒಳಗೆ ಕೂತ ಮೇಲೆ ದೊಡ್ಡಮ್ಮ ಭಾಷಣ ಶುರುಮಾಡಿದರು. ನಾನು ಇಂಗ್ಲಿಷಿಗೆ ದುಭಾಷಿ. "ಹೇಳೇ, ನೀನು ಮನುಷ್ಯಳಲ್ಲ, ಶಿವ ಕಳಿಸಿದೋಳು ಅನ್ನು." ಹೇಳಿದೆ. ಮಾರ್ಗಿಟ್ ಗಂಭೀರವಾಗಿ, "ನನ್ನನ್ನು ಯಾರೂ ಕಳಿಸಲಿಲ್ಲ. ನಾನೇ ಟಿಕೆಟ್ ತೆಗೆದುಕೊಂಡು ಬಂದೆ" ಎಂದರು. ಏಳು ಸಾವಿರ ಕಿಲೋಮೀಟರ್ ಬಂದದ್ದಕ್ಕೆ ನನಗೆ ಸಿಕ್ಕ ಮೊದಲ ಸಮಾಧಾನ ಅದು, ನನ್ನ ಪಕ್ಷಕ್ಕೆ ಒಂದು ಓಟು. ಕನ್ನಡದಲ್ಲಿ ಹೇಳಿದರೆ ದೊಡ್ಡಮ್ಮ ತಲೆಯಾಡಿಸಿದರು: "ಅವ್ಳಿಗೆ ಗೊತ್ತಿಲ್ಲ ಬಿಡು."

ಗಂಟು ಬಿಚ್ಚಿದರು. ಗೋಡೆಯ ಮೇಲೆ ಒಬ್ಬ ಗಂಡಸಿನ ಫೋಟೋ ಇತ್ತು. ಯಾರೆಂದು ಕೇಳಿದೆ, ಗಂಡ, ತೀರಿಕೊಂಡು ಆರು ವರ್ಷವಾಯಿತು ಎಂದರು ಮಾರ್ಗಿಟ್. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ದೊಡ್ಡಮ್ಮ, ಇವರಿಗೆ ಗಂಡ ಇಲ್ಲ. ನಿಮ್ಮ ಶಾಸ್ತ್ರದ ಪ್ರಕಾರ ಇವರಿಗೆ ಮಡಿಲು ತುಂಬೋ ಹಾಗಿಲ್ಲ, ಅಲ್ವಾ?" ನಮ್ಮ ಸೋದರತ್ತೆಗೆ ಗಂಡ ಸತ್ತ ಮೇಲೆ ಇದೇ ದೊಡ್ಡಮ್ಮ ಕುಂಕುಮದ ತಟ್ಟೆ ಮುಂದೆ ಹಿಡಿಯದೆ ದಾಟಿ ಹೋಗಿದ್ದನ್ನು ನಾನು ಮರೆತಿರಲಿಲ್ಲ. ಸಿಕ್ಕಿಬಿದ್ದರು ಅಂದುಕೊಂಡೆ.

ದೊಡ್ಡಮ್ಮ ಫೋಟೋ ನೋಡಿದರು, ಮಾರ್ಗಿಟ್‌ರನ್ನು ನೋಡಿದರು. ಕೈಯಲ್ಲಿದ್ದ ಅಕ್ಕಿ ಬೆರಳ ಸಂದಿಯಿಂದ ಒಂದೆರಡು ಕಾಳು ಉದುರಿತು.

"ತನ್ನ ಗಂಡ ಹೋದ ಮೇಲೆ ನನ್ನ ಗಂಡನ್ನ ಉಳ್ಸವ್ಳೆ. ಅವ್ಳಿಗೆ ಶಾಸ್ತ್ರ ಹೇಳಕ್ಕೆ ನಾನ್ಯಾರು? ಸೆರಗು ಹಿಡಿಯಕ್ಕೇಳು."

"ಸೆರಗಿಲ್ಲ."

"ಅದೇನೋ ಕಟ್ಕಂಡವ್ಳಲ್ಲ, ಅದ್ನೇ."

ಹಿಟ್ಟಿನ ಕಲೆಯಿದ್ದ ಏಪ್ರನ್ ಅಂಚನ್ನು ಮಾರ್ಗಿಟ್ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಬೆಲ್ಲದಚ್ಚು, ಅಡಿಕೆ, ಹಸಿರು ಕಣ. ಎಲೆಯ ಜಾಗ ಖಾಲಿ. ಆಮೇಲೆ ದೊಡ್ಡಮ್ಮ ಅರಿಶಿನ ಕಲಸಿದರು. ನಮ್ಮಲ್ಲಿ ಅರಿಶಿನ ಹಚ್ಚುವುದು ಕೆನ್ನೆಗೆ, ಅಂಗೈ ಹಿಂದಕ್ಕೆ. ದೊಡ್ಡಮ್ಮ ಕೆನ್ನೆಗೆ ಹಚ್ಚಿದರು, ಆಮೇಲೆ ಮಾರ್ಗಿಟ್‌ರ ಬಲಗೈಯ ಅಂಗಿ ತೋಳು ಸರಿಸಿ ಮೊಣಕೈಯ ಮೇಲೆ, ಗಾಯಕ್ಕೆ ಸವರುವ ಹಾಗೆ, ನಿಧಾನವಾಗಿ ಸವರಿದರು. ವಯಸ್ಸಾಯಿತು, ಕ್ರಮ ಮರೆತರು ಅಂದುಕೊಂಡೆ. ಕಡೆಗೆ ಒಂದು ಹಿಡಿ ಅಕ್ಕಿ ವಾಪಸ್ ಹಾಕಿಸಿಕೊಂಡರು. ಕೊಟ್ಟ ಮನೆ ಬರಿದಾಗಬಾರದು ಎಂದು ಅದು.

ದೊಡ್ಡಮ್ಮ ಕೈ ತೊಳೆಯಲು ಹೋದಾಗ ನಾನು ಹೇಳಿದೆ. ಎಷ್ಟು ಸಲ ಸಿದ್ಧಮಾಡಿಕೊಂಡಿದ್ದ ಮಾತು, ಎರಡೇ ವಾಕ್ಯವಾಗಿ ಬಂತು: ಆವತ್ತು ನಿಮ್ಮನ್ನು ಎಳೆದವಳು ನಾನು. ತಪ್ಪಾಯಿತು.

"ನೆನಪಿದೆ," ಎಂದರು ಮಾರ್ಗಿಟ್. "ನಿನ್ನ ಉಗುರಿನ ಗುರುತು ಒಂದು ವಾರ ಇತ್ತು. ಇಲ್ಲಿ." ಬೆರಳಿಟ್ಟು ತೋರಿಸಿದರು. ಬೆರಳು ಅರಿಶಿನದ ಮೇಲಿತ್ತು.

ಅವರೇ ಮುಂದುವರಿಸಿದರು. "ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು. ನಾನು ಹೇಳಿದ್ದು ಸುಳ್ಳು. ನಾನು ಡಾಕ್ಟರ್ ಅಲ್ಲ, ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತೇನೆ. ಡ್ರೈವಿಂಗ್ ಲೈಸೆನ್ಸ್ ಬೇಕಾದರೆ ಇಲ್ಲಿ ಪ್ರಥಮ ಚಿಕಿತ್ಸೆ ಕಲಿಯಲೇಬೇಕು. ರಬ್ಬರ್ ಗೊಂಬೆಯ ಮೇಲೆ ಕಲಿತದ್ದು. ಮನುಷ್ಯನ ಮೇಲೆ ಅದೇ ಮೊದಲು."

ಅಂದರೆ ಆಧಾರ ಕೇಳಿ ತಡೆದ ನಾನು, ಆಧಾರವೇ ಇಲ್ಲದ ಮಾತಿಗೆ ಕೈ ಬಿಟ್ಟಿದ್ದೆ. ಅವರು ನಿಜ ಹೇಳಿದ್ದರೆ ಇನ್ನೂ ಹಿಡಿದುಕೊಂಡಿರುತ್ತಿದ್ದೆ. ಕೇಳಬೇಕಾಗಿದ್ದ ಇನ್ನೊಂದನ್ನು ಕೇಳಿದೆ: ದೊಡ್ಡಪ್ಪನಿಗೆ ಪದ ತಪ್ಪುತ್ತಿರುವುದು ಆ ಅರ್ಧ ನಿಮಿಷದಿಂದಲೇ?

ಮಾರ್ಗಿಟ್ ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು, ಬೇಲೂರಿನಲ್ಲಿ ಹೇಳಿದವರೇ. "ನಾನು ಅಡುಗೆಯವಳು," ಎಂದರು. "ನನಗೆ ಗೊತ್ತಿಲ್ಲ."

ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. "ಏನಂತೆ?"

"ಏನಿಲ್ಲ. ಅಡುಗೆಯವರಂತೆ."

"ಅಯ್ಯೋ ಶಿವನೇ," ಎಂದು ಕಣ್ಣರಳಿಸಿದರು. "ಅನ್ನಪೂರ್ಣೆ ಅನ್ನು!"

ತಲೆ ಚಚ್ಚಿಕೊಳ್ಳಲು ಹತ್ತಿರದಲ್ಲಿ ಕಲ್ಲಿರಲಿಲ್ಲ. ಇದ್ದ ಒಂದೂ ಹೊಸ್ತಿಲ ಹೊರಗಿತ್ತು, ಅದೂ ಭಾನುವಾರ.

ಹುಲಿಕೆರೆ

ವಾಪಸ್ ಬಂದ ಮೇಲೆ, ಹೊರಡುವಾಗ ದೊಡ್ಡಮ್ಮ ಹರಕೆ ಹೊತ್ತಿದ್ದಂತೆ, ಮೂವರೂ ಹಳೇಬೀಡಿಗೆ ಹೋದೆವು. ಎರಡು ಕಾಯಿಯಲ್ಲಿ ಉಳಿದದ್ದನ್ನು ಮಾರ್ಬುರ್ಗಿನಿಂದ ಹೊತ್ತು ತಂದಿದ್ದರು. ಸೋಮವಾರ ಒಡೆಯಲು ನಾನು ಬಿಟ್ಟಿರಲಿಲ್ಲ. ಜರ್ಮನಿ ನೋಡಿಕೊಂಡು ಬಂದ ಆ ಗಂಡಸಿ ಕಾಯಿ ಈಶ್ವರನ ಮುಂದೆ ಒಡೆಯಿತು. ಮಾರ್ಗಿಟ್ ವಾಪಸ್ ಹಾಕಿದ ಹಿಡಿ ಅಕ್ಕಿಯೂ ತಟ್ಟೆಯಲ್ಲಿತ್ತು. ಪೂಜಾರಿಗೆ ದೊಡ್ಡಮ್ಮ ಕಥೆ ಹೇಳಿದರು: ಶಿವ ಬಂದ, ಅಡುಗೆಯವಳ ರೂಪದಲ್ಲಿ. ಉಳಿದದ್ದೆಲ್ಲ ಹಳೆಯ ಪಾಠ. ಎಂದಿನಂತೆ ಅದರಲ್ಲಿ ಎಳೆದವರು ಯಾರೂ ಇಲ್ಲ.

ಬರುವ ದಾರಿಯಲ್ಲಿ ಹುಲಿಕೆರೆಯ ಕೊಳದ ಹತ್ತಿರ ಕಾರು ನಿಲ್ಲಿಸಿದೆವು. ದೊಡ್ಡಪ್ಪ ಮೆಟ್ಟಿಲಿಳಿಯುವಂತಿಲ್ಲ, ಮೇಲೆ ಕಟ್ಟೆಯ ಮೇಲೆ ಕೂತು ಹೋಳು ಅಗಿಯುತ್ತಿದ್ದರು. ನಾವಿಬ್ಬರೂ ಇಳಿದು ಕೂತೆವು. ದೊಡ್ಡಮ್ಮ ನೀರಿಗೆ ಕೈ ಅದ್ದಿದರು. ಉಗುರಿನ ಸಂದಿಯಲ್ಲಿ ಅರಿಶಿನ ಇನ್ನೂ ಇತ್ತು, ಮಾರ್ಬುರ್ಗಿನದೋ ಹಳೇಬೀಡಿನದೋ.

"ಏ... ಇವಳೇ," ಎಂದು ಮೇಲಿನಿಂದ ದೊಡ್ಡಪ್ಪ ಕೂಗಿದರು. ಯಾರನ್ನು ಎಂದು ತಿಳಿಯಲಿಲ್ಲ. ದೊಡ್ಡಮ್ಮ "ಬಂದೆ ತಡೀರಿ" ಎಂದು, ನನ್ನ ಭುಜ ಊರಿ ಏಳಲು ಹೋದರು. ಆ ಕೈಯನ್ನು ನಾನು ಹಿಡಿದುಕೊಂಡೆ.

"ದೊಡ್ಡಮ್ಮ, ಅವರ ತೋಳಲ್ಲಿ ನನ್ನ ಉಗುರು ಎಲ್ಲಿ ಕೂತಿತ್ತು ಅಂತ ನಿಮ್ಗೆ ಆವತ್ತಿಂದಲೂ ಗೊತ್ತಿತ್ತಲ್ವಾ? ಗೊತ್ತಿದ್ದೂ, ಹೋದಲ್ಲೆಲ್ಲ ಶಿವ ಬಂದ, ಶಿವ ಬಂದ ಅಂತ ನೀವು ಹೇಳ್ತಾ ಬಂದಿದ್ದು ಯಾರನ್ನ ಉಳಿಸೋಕೆ?"